ಅಮ್ಮನ ವಸಡು ಅಳೆದ ದಿನ

ಬ್ರಷ್ ಮಾಡುವಾಗ ರಕ್ತ ಬರುವುದು ಅಮ್ಮನಿಗೆ ಎಷ್ಟೋ ವರ್ಷಗಳಿಂದ ಇತ್ತು. ನೋವಿರಲಿಲ್ಲ, ಹಾಗಾಗಿ ನಾವ್ಯಾರೂ ಗಮನ ಕೊಡಲಿಲ್ಲ. ಅದು ನನ್ನನ್ನು ಈಗಲೂ ಕಾಡುತ್ತದೆ.

ಕಳೆದ ವಾರ ಹಲ್ಲಿನ ಡಾಕ್ಟರು ಒಂದು ತೆಳ್ಳನೆಯ ಕಡ್ಡಿ ತೆಗೆದರು. ತುದಿ ಮೊಂಡು, ಮೈಮೇಲೆ ಮಿಲಿಮೀಟರ್ ಗೆರೆಗಳು. ಪ್ರೋಬ್ ಅಂತಾರೆ. ಹಲ್ಲು ಮತ್ತು ವಸಡಿನ ಸಂದಿಯಲ್ಲಿ ಅದನ್ನು ಮೆಲ್ಲಗೆ ಇಳಿಸಿ ಪ್ರತಿ ಹಲ್ಲಿಗೂ ಆರು ಕಡೆ ಅಳೆದರು. ಹೊರಗೆ ಮೂರು, ಒಳಗೆ ಮೂರು. ಅವರು ಹೇಳುತ್ತಾ ಹೋದರು, ನರ್ಸ್ ಬರೆದುಕೊಂಡರು. "ಎರಡು, ಮೂರು, ಎರಡು." ಕೆಳಗಿನ ದವಡೆ ಹಲ್ಲಿಗೆ ಬಂದಾಗ ದನಿ ನಿಧಾನವಾಯಿತು. "ಐದು, ನಾಲ್ಕು, ಆರು. ರಕ್ತ." ಅಮ್ಮ ನನ್ನ ಕೈ ಹಿಡಿದುಕೊಂಡರು.

ಆ ಸಂದಿಯ ಆಳ 3 ಮಿ.ಮೀ. ತನಕ ಇದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. 4 ಅಥವಾ ಜಾಸ್ತಿ ಇದ್ದರೆ ವಸಡಿನ ರೋಗದ ಅನುಮಾನ. ಆದರೆ ವಸಡು ಊದಿಕೊಂಡಿದ್ದರೂ ಆಳ ಜಾಸ್ತಿ ಕಾಣಬಹುದು. ಅದಕ್ಕೇ ಎಕ್ಸ್‌ರೇ. ಹಲ್ಲುಗಳ ನಡುವಿನ ಮೂಳೆ ಎಷ್ಟು ಕೆಳಗಿಳಿದಿದೆ ಅಂತ ಡಾಕ್ಟರು ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. ಕರಗಿದ ಮೂಳೆ ತಾನಾಗಿ ಮತ್ತೆ ಬೆಳೆಯುವುದಿಲ್ಲವಂತೆ.

ಆಮೇಲೆ ಎರಡು ಉಪಕರಣಗಳ ಹಿಡಿಗಳ ನಡುವೆ ಹಲ್ಲನ್ನು ಹಿಡಿದು ಅಲ್ಲಾಡುತ್ತದಾ ಅಂತ ನೋಡಿದರು. ಸಕ್ಕರೆ ಕಾಯಿಲೆ ಇದೆಯಾ, ಹೊಗೆಸೊಪ್ಪು ಹಾಕುತ್ತೀರಾ ಅಂತಲೂ ಕೇಳಿದರು. ಸಿಗರೇಟು ಸೇದುವವರಿಗೆ ರಕ್ತ ಕಡಿಮೆ ಬರುತ್ತದೆ, ರೋಗ ಮರೆಯಾಗಿರುತ್ತದೆ. ಇದು ನಿಮ್ಮ ಮನೆಯವರಿಗೂ ಗೊತ್ತಿರಲಿ.

ಬುಧವಾರ ಮೊದಲ ಸಲ ಆಳದ ಕ್ಲೀನಿಂಗ್. ಕೆಲವು ವಾರ ಬಿಟ್ಟು ಅದೇ ಕಡ್ಡಿಯಿಂದ ಮತ್ತೆ ಅಳೆಯುತ್ತಾರೆ.