ಗೊತ್ತಿಲ್ಲದ ಪಾತ್ರೆಯ ಬೆಲೆ

1961ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಡೇನಿಯಲ್ ಎಲ್ಸ್‌ಬರ್ಗ್ ಮುಂದಿಟ್ಟ ಪ್ರಶ್ನೆಯೊಂದು ಬೆಳಗಿನಿಂದ ನನ್ನನ್ನು ಬಿಟ್ಟಿಲ್ಲ. ಒಂದು ಪಾತ್ರೆಯಲ್ಲಿ 50 ಕೆಂಪು, 50 ಕಪ್ಪು ಚೆಂಡುಗಳಿವೆ. ಇನ್ನೊಂದರಲ್ಲಿಯೂ ಇವೆರಡೇ ಬಣ್ಣದ 100 ಚೆಂಡುಗಳಿದ್ದರೂ ಯಾವುದು ಎಷ್ಟೆಂದು ತಿಳಿಸಿಲ್ಲ. ಒಂದು ಪಾತ್ರೆಯನ್ನು ಆರಿಸಿ, ನೋಡದೆ ಒಂದು ಚೆಂಡನ್ನು ತೆಗೆಯಬೇಕು. ಕೆಂಪಿಗೆ ಬಹುಮಾನವೆಂದಾಗ ಹೆಚ್ಚಿನವರು ಮೊದಲ ಪಾತ್ರೆಯನ್ನು ಆರಿಸುತ್ತಾರೆ. ಕಪ್ಪಿಗೆ ಬಹುಮಾನವೆಂದರೂ ಅದನ್ನೇ ಆರಿಸುತ್ತಾರೆ. ಎರಡನೆಯದರಲ್ಲಿ ಕೆಂಪೂ ಕಡಿಮೆ, ಕಪ್ಪೂ ಕಡಿಮೆ ಇರಲು ಸಾಧ್ಯವಿಲ್ಲವಲ್ಲ!

ಈ ಒಲವನ್ನು ಅಳೆಯುವ ಬಗೆಯೊಂದು ನನಗೆ ಬಹಳ ಮೆಚ್ಚುಗೆಯಾಯಿತು. ಗೆಲ್ಲುವ ಬಣ್ಣ ಕೆಂಪಾದರೆ, ಮೊದಲ ಪಾತ್ರೆಯ ಕೆಂಪು ಚೆಂಡುಗಳನ್ನು ತಗ್ಗಿಸಿ, ಅಷ್ಟೇ ಕಪ್ಪು ಚೆಂಡುಗಳನ್ನು ಸೇರಿಸುತ್ತಾ, ‘ಈಗ ನನಗೆ ಎರಡೂ ಒಂದೇ’ ಎಂದು ಆ ವ್ಯಕ್ತಿ ಹೇಳುವವರೆಗೂ ಕೇಳುತ್ತಾ ಹೋಗಬೇಕು. ಕೆಂಪು 40ಕ್ಕೆ ಇಳಿದಾಗ ಹಾಗೆಂದರೆ, ಖಚಿತತೆಗಾಗಿ ಅವರು 100ರಲ್ಲಿ 10 ಅವಕಾಶಗಳನ್ನು ಬಿಟ್ಟುಕೊಡಲು ಸಿದ್ಧರಿದ್ದಾರೆ ಎಂದರ್ಥ. ಗೆಲ್ಲುವ ಬಣ್ಣವನ್ನು ಆರಿಸುವ ಸ್ವಾತಂತ್ರ್ಯವನ್ನು ಅವರಿಗೇ ಕೊಡಬೇಕು; ಇಲ್ಲದಿದ್ದರೆ ಪಾತ್ರೆ ತುಂಬಿಸಿದವರ ಮೇಲಿನ ಅನುಮಾನವೂ ಅಳತೆಯಲ್ಲಿ ಬೆರೆತುಬಿಡುತ್ತದೆ.

ಆದರೂ ಈ ಒಂದೇ ಅಂಕಿಯಿಂದ ಯಾರನ್ನಾದರೂ ಅಸ್ಪಷ್ಟತೆಗೆ ಅಂಜುವವರೆಂದು ಗುರುತಿಸುವುದು ಅನ್ಯಾಯವೆಂದೇ ನನ್ನ ಭಾವನೆ. ಗೆಲುವಿನ ಸಾಧ್ಯತೆ ತೀರ ಕಡಿಮೆಯಿರುವಾಗ ಅನೇಕರು ಗೊತ್ತಿಲ್ಲದ ಪಾತ್ರೆಯತ್ತಲೇ ವಾಲುವುದು ಪ್ರಯೋಗಗಳಲ್ಲಿ ಕಂಡುಬಂದಿದೆ.