ಸಿಂಧನೂರಿನ ಮಕ್ಕಳು

ಸಿಂಧನೂರು ಸೀಮೆಯಲ್ಲಿ ಪಾಠ ಹೇಳುವವರಿಗೆ ವಲಸೆ ಎನ್ನುವುದು ದೂರದ ಸುದ್ದಿಯಾಗಿ ಉಳಿಯುವುದಿಲ್ಲ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿಗೆ 1970ರ ದಶಕದಲ್ಲಿ ಇಲ್ಲಿನ ಪುನರ್ವಸತಿ ಶಿಬಿರಗಳಾದ ಆರ್‌.ಎಚ್‌. ಕ್ಯಾಂಪ್‌ಗಳಲ್ಲಿ ನೆಲೆ ಕೊಟ್ಟರು. ಅವರ ಮೊಮ್ಮಕ್ಕಳು ಮನೆಯಲ್ಲಿ ಬಂಗಾಳಿ ಆಡುತ್ತಾರೆ, ತರಗತಿಯಲ್ಲಿ ಬಸವಣ್ಣನ ವಚನ ಒಪ್ಪಿಸುತ್ತಾರೆ. ತುಂಗಭದ್ರಾ ಕಾಲುವೆಗೆ ನೀರು ಬಿಟ್ಟರೇ ಎಂದು ನಮ್ಮಷ್ಟೇ ಆತಂಕದಿಂದ ಕೇಳುತ್ತಾರೆ; ಭತ್ತದ ಗದ್ದೆ ಅವರ ಮನೆಯದೂ ಹೌದು.

ಕಷ್ಟ ಎದುರಾಗುವುದು ಹತ್ತನೆಯ ತರಗತಿ ಮುಗಿದು ದಾಖಲೆಗಳ ಮಾತು ಬಂದಾಗ. 1987ರ ಜುಲೈ 1ರಿಂದ ಈಚೆಗೆ ಭಾರತದಲ್ಲಿ ಹುಟ್ಟಿದವರಿಗೆ ಪೌರತ್ವ ಸಿಗಲು ಹುಟ್ಟೊಂದೇ ಸಾಲದು, ತಂದೆ ಅಥವಾ ತಾಯಿ ಭಾರತದ ಪ್ರಜೆಯಾಗಿರಬೇಕು. 2004ರ ಡಿಸೆಂಬರ್‌ನಿಂದ ನಿಯಮ ಇನ್ನೂ ಬಿಗಿ. ಹದಿನಾರರ ಹುಡುಗಿ ಅಜ್ಜನ ಹಳೆಯ ಕಾಗದ ಹುಡುಕುತ್ತಾ ಯಾಕೆ ಅಲೆಯಬೇಕು?

ಗಡಿಗೆ ಕಾವಲು ಬೇಡ ಎನ್ನುವವಳಲ್ಲ ನಾನು. ಆದರೆ ಇಲ್ಲಿಯೇ ಹುಟ್ಟಿ, ಇಲ್ಲಿನ ನೀರು ಕುಡಿದು ಬೆಳೆದವರನ್ನು ಯಾರಾದರೂ ಹೊರಗಿನವರು ಎಂದಾಗ ನನಗೆ ಸಿಟ್ಟು ಬರುತ್ತದೆ. ದಾಖಲಾತಿಗೆ ಬರುವ ಪ್ರತಿ ತಾಯಿಗೂ ಹೇಳುತ್ತಿದ್ದೇನೆ: ಮಗುವಿನ ಜನನ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಡಿ ಅಮ್ಮಾ, ತಡ ಮಾಡಬೇಡಿ.