"ಅದು ನನ್ನ ವಿಷಯ ಅಲ್ಲ" ಅಂದ ಸಂಜೆ

2023ರ ಆಗಸ್ಟ್. ನ್ಯೂಜಿಲೆಂಡಿನ ಚುನಾವಣೆಗೆ ಇನ್ನೆರಡು ತಿಂಗಳು. ವೈಕಾಟೊ ಸೀಮೆಯ ಒಂದು ಸಣ್ಣ ಊರಿನಲ್ಲಿ ಹಳೆಯ ಒಳಚರಂಡಿ ಪೈಪು ಬದಲಿಸುವ ಕೆಲಸವಿತ್ತು. ಅದನ್ನು ಊರವರಿಗೆ ವಿವರಿಸಲು ಕಚೇರಿಯವರು ನನ್ನನ್ನು ಕಳಿಸಿದ್ದರು. ನಾನು ಮಂಡ್ಯದವಳು, ಇಲ್ಲಿ ನೀರು-ಚರಂಡಿ ಇಂಜಿನಿಯರ್. ನಕ್ಷೆ, ಖರ್ಚಿನ ಲೆಕ್ಕ, ಯಾವ ಬೀದಿ ಎಷ್ಟು ದಿನ ಬಂದ್ ಅನ್ನೋದು, ಎಲ್ಲ ಸಿದ್ಧ ಮಾಡಿಕೊಂಡು ಹೋಗಿದ್ದೆ.

ಮಾತು ಶುರುವಾಗಿ ಹತ್ತು ನಿಮಿಷ ಆಗಿರಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬರು ಎದ್ದು ನಿಂತರು. "ಈ ಪೈಪೂ ಕೊನೆಗೆ ಮಾವೋರಿಗಳ ಪಾಲಾಗುತ್ತಾ?" ಮಾವೋರಿಗಳು ಅಂದರೆ ಈ ದೇಶದ ಮೂಲನಿವಾಸಿಗಳು.

"ಅದು ರಾಜಕೀಯ. ನನ್ನ ವಿಷಯ ಅಲ್ಲ" ಅಂದು ಮುಂದಿನ ಚಿತ್ರಕ್ಕೆ ಹೋದೆ.

ಆಮೇಲೆ ಪೈಪಿನ ಮಾತು ಯಾರ ಕಿವಿಗೂ ಬೀಳಲಿಲ್ಲ. ಒಬ್ಬರು ಹೌದು ಅಂದರು, ಇನ್ನೊಬ್ಬರು ಸುಳ್ಳು ಅಂದರು. ಮುಂದಿನ ಸಾಲಿನಲ್ಲಿ ಕೂತಿದ್ದ ಇಬ್ಬರು ಮಾವೋರಿ ಹೆಂಗಸರು ಸದ್ದಿಲ್ಲದೆ ಎದ್ದು ಹೊರಟುಹೋದರು. ಅವರಿಬ್ಬರೂ ಪೈಪಿನ ಬಗ್ಗೆ ಕೇಳಲೆಂದೇ ಬಂದವರು.

ಸೋಮವಾರ ನನ್ನ ಮಾವೋರಿ ಸಹೋದ್ಯೋಗಿ ಒಂದೇ ಪ್ರಶ್ನೆ ಕೇಳಿದಳು. "ಉತ್ತರ ನಿನಗೆ ಗೊತ್ತಿತ್ತಾ?"

ಗೊತ್ತಿತ್ತು. ನೀರಿನ ಹೊಸ ಕಾಯ್ದೆ ನನ್ನ ಮೇಜಿನ ಮೇಲೇ ಇತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡೆ ಅನ್ನೋದು ಇವತ್ತಿಗೂ ಚುಚ್ಚುತ್ತದೆ.

ಹಿನ್ನೆಲೆ ಚುಟುಕಾಗಿ ಹೇಳುತ್ತೇನೆ. 2016ರಲ್ಲಿ ಹ್ಯಾವ್‌ಲಾಕ್ ನಾರ್ತ್ ಊರಿನಲ್ಲಿ ಕುಡಿಯುವ ನೀರು ಕೆಟ್ಟು ಸಾವಿರಾರು ಜನ ಕಾಯಿಲೆ ಬಿದ್ದರು. ಊರಾಡಳಿತ ನೋಡುವ ಸಣ್ಣ ಕೌನ್ಸಿಲ್‌ಗಳ ಕೈಲಿ ನೀರಿನ ವ್ಯವಸ್ಥೆ ಸರಿಯಾಗಿ ನಡೆಯುತ್ತಿಲ್ಲ, ಅವನ್ನೆಲ್ಲ ದೊಡ್ಡ ಸಂಸ್ಥೆಗಳಡಿ ಸೇರಿಸಬೇಕು ಎಂದು ಲೇಬರ್ ಸರ್ಕಾರ ಹೊರಟಿತು. ಜನರ ಬಾಯಲ್ಲಿ ಅದು "ತ್ರೀ ವಾಟರ್ಸ್": ಕುಡಿಯುವ ನೀರು, ಒಳಚರಂಡಿ, ಮಳೆನೀರು. ಪ್ರತಿ ಸಂಸ್ಥೆಯ ಮೇಲೆ ಒಂದು ಪ್ರತಿನಿಧಿಗಳ ಗುಂಪು. ಅದರಲ್ಲಿ ಅರ್ಧ ಕೌನ್ಸಿಲ್‌ಗಳ ಕಡೆಯವರು, ಅರ್ಧ ಆ ನೆಲದ ಮಾವೋರಿ ಬುಡಕಟ್ಟುಗಳ ಕಡೆಯವರು. ಇಡೀ ಜಗಳ ಹುಟ್ಟಿದ್ದು ಈ ಅರ್ಧದ ಮೇಲೆ. ಕೋ-ಗವರ್ನೆನ್ಸ್, ಅಂದರೆ ಜೊತೆಯಾಗಿ ಆಡಳಿತ, ಅನ್ನೋ ಪದ ಆ ವರ್ಷ ಬೈಗುಳದ ಹಾಗೆ ಓಡಾಡಿತು. ತ್ರೀ ವಾಟರ್ಸ್ ರದ್ದು ಮಾಡುತ್ತೇವೆ ಎಂದು ನ್ಯಾಷನಲ್ ಪಕ್ಷ ಹೇಳಿತು. ಮಾವೋರಿ ನಾಯಕರೂ ಬ್ರಿಟಿಷರೂ 1840ರಲ್ಲಿ ಮಾಡಿಕೊಂಡ ವೈಟಾಂಗಿ ಒಪ್ಪಂದದ ತತ್ವಗಳ ಮೇಲೆ ಜನಮತ ಕೇಳಬೇಕು ಎಂದು ಆಕ್ಟ್ ಪಕ್ಷದ ಡೇವಿಡ್ ಸೀಮೋರ್ ಹೇಳಿದರು.

ಹಾಗಾದರೆ ಹಿಂದಿನ ಸಾಲಿನವರ ಪ್ರಶ್ನೆಗೆ ನಾನು ಏನು ಹೇಳಬೇಕಿತ್ತು? ಪೈಪಿನ ಒಡೆತನ ಸಾರ್ವಜನಿಕರದ್ದೇ, ಹೊಸ ಸಂಸ್ಥೆಯ ಷೇರು ಇರುವುದು ಕೌನ್ಸಿಲ್‌ಗಳ ಕೈಲಿ. ಪ್ರತಿನಿಧಿಗಳ ಗುಂಪು ದಿನನಿತ್ಯದ ಕೆಲಸ ನಡೆಸುವುದಿಲ್ಲ, ಸಂಸ್ಥೆ ಯಾವ ದಿಕ್ಕಿಗೆ ಹೋಗಬೇಕು ಅಂತ ಹೇಳುತ್ತದೆ. ಅಲ್ಲಿ ಒಮ್ಮತ ಆಗದಿದ್ದರೆ ನೂರಕ್ಕೆ 75 ಮತ ಬೇಕು, ಅಂದರೆ ಯಾವ ಅರ್ಧವೂ ಒಂಟಿಯಾಗಿ ಏನೂ ಮಾಡೋಕಾಗಲ್ಲ. ಒಂದೇ ನಿಮಿಷದ ಮಾತು. ಇದರಲ್ಲಿ ಯಾವ ಪಕ್ಷದ ಪರವೂ ಇಲ್ಲ.

ಅವತ್ತೇ ಒಂದು ಪುಟದ ಹಾಳೆ ಬರೆಯಲು ಕೂತೆ. ಮುಂದಿನ ಸಭೆಗಳಿಗೆ ಕೈಲಿ ಇರಲಿ ಅಂತ. ಒಡೆತನ ಯಾರದು, ನೇಮಕ ಯಾರದು, ಮತ ಎಷ್ಟು, ದೂರು ಯಾರಿಗೆ. ಮೇಲೆ ಹಿನ್ನೆಲೆಗೆ ಒಂದು ಸಾಲು ಹಾಕಿದೆ: "1840ರ ವೈಟಾಂಗಿ ಒಪ್ಪಂದದಲ್ಲಿ ಮಾವೋರಿ ನಾಯಕರು ಪೂರ್ಣ ಅಧಿಕಾರವನ್ನು ಬ್ರಿಟಿಷ್ ರಾಣಿಗೆ ಬಿಟ್ಟುಕೊಟ್ಟರು."

ಸಹೋದ್ಯೋಗಿ ಓದಿದಳು. ಆ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಳು. "ಯಾವ ಭಾಷೆಯ ಪ್ರತಿಯಲ್ಲಿ?"

ಇಂಗ್ಲಿಷ್ ಪ್ರತಿಯಲ್ಲಿ ಹಾಗಿದೆ. ಆದರೆ ಪಾದ್ರಿ ಹೆನ್ರಿ ವಿಲಿಯಮ್ಸ್ ಮತ್ತು ಅವರ ಮಗ ಒಂದೇ ರಾತ್ರಿಯಲ್ಲಿ ಮಾಡಿದ ಮಾವೋರಿ ಅನುವಾದದಲ್ಲಿ ಆ ಜಾಗದಲ್ಲಿರುವ ಪದ ಕಾವನಾತಂಗಾ, ಅಂದರೆ ಆಡಳಿತ. ಗವರ್ನರ್ ಎಂಬ ಇಂಗ್ಲಿಷ್ ಮಾತೇ ಮಾವೋರಿ ಬಾಯಲ್ಲಿ ಕಾವನಾ ಆಗಿತ್ತು, ಅದರಿಂದ ಕಟ್ಟಿದ ಪದ ಅದು. ಎರಡನೇ ಕಲಮಿನಲ್ಲಿ ನೆಲ, ಹಳ್ಳಿ, ಬೆಲೆಬಾಳುವ ಎಲ್ಲದರ ಮೇಲೆ "ತಿನೊ ರಂಗತಿರಾತಂಗಾ", ಅಂದರೆ ಪೂರ್ಣ ಯಜಮಾನಿಕೆ, ಮಾವೋರಿಗಳಿಗೇ ಉಳಿಯುತ್ತದೆ ಅಂತಿದೆ. ರುಜು ಹಾಕಿದ 500ಕ್ಕೂ ಹೆಚ್ಚು ನಾಯಕರಲ್ಲಿ ಬಹುಪಾಲು ಜನ ಒಪ್ಪಿದ್ದು ಈ ಮಾವೋರಿ ಪ್ರತಿಯನ್ನು. ಇಂಗ್ಲಿಷ್ ಪ್ರತಿಗೆ ರುಜು ಹಾಕಿದವರು 39 ಜನ. ಅದೂ ಎಲ್ಲಿ? ವೈಕಾಟೊ ನದಿ ಕಡಲು ಸೇರುವ ಕಡೆ ಮತ್ತು ಪಕ್ಕದ ಮನುಕಾವುನಲ್ಲಿ. ನಾನು ದಿನಾ ಕೆಲಸ ಮಾಡುವ ನದಿ ಅದು. ಇಷ್ಟು ವರ್ಷ ಇಲ್ಲಿದ್ದೂ ನನಗೆ ಇದು ಗೊತ್ತಿರಲಿಲ್ಲ.

ಆ ವಾರ ಆಕ್ಲೆಂಡಿನಿಂದ ಕನ್ನಡದ ಗೆಳತಿ ಫೋನ್ ಮಾಡಿದಳು. ಇಲ್ಲಿ ಪೌರತ್ವ ಇಲ್ಲದಿದ್ದರೂ ಕಾಯಂ ವಾಸದ ಪರವಾನಗಿ ಇದ್ದರೆ ಮತ ಹಾಕಬಹುದು. ಅವಳಿಗೆ ಅದು ಮೊದಲ ಮತ. "ಈ ಒಪ್ಪಂದದ ಗಲಾಟೆ ಏನೇ? ಇನ್ನೂರು ವರ್ಷದ ಹಿಂದಿನ ಕಾಗದಕ್ಕೆ ಈಗ ಯಾಕೆ?" ಅಂದಳು. ಇಂಗ್ಲಿಷಿನಲ್ಲಿ ವಿವರಿಸಿ ಸೋತೆ. ಆಮೇಲೆ ಕನ್ನಡದಲ್ಲಿ ಹೇಳಿದೆ: "ಮನೆ ಉಸ್ತುವಾರಿ ನೋಡ್ಕೊಳ್ಳಿ ಅನ್ನೋದು ಬೇರೆ, ಮನೆ ಯಜಮಾನಿಕೆ ಬರೆದುಕೊಡೋದು ಬೇರೆ ಅಲ್ವಾ? ಮಾವೋರಿಗಳು ಉಸ್ತುವಾರಿ ಕೊಟ್ಟೆವು ಅಂತಾರೆ. ಬ್ರಿಟಿಷರು ಯಜಮಾನಿಕೆ ಸಿಕ್ಕಿತು ಅಂತ ಓದಿದರು." ಅವಳು ಸ್ವಲ್ಪ ಹೊತ್ತು ಸುಮ್ನಿದ್ದು, "ನಮ್ಮೂರಲ್ಲಿ ಕಾವೇರಿಗೆ 1924ರ ಕಾಗದ ಇನ್ನೂ ತೆಗೀತಾರಲ್ಲ, ಹಾಗೆ" ಅಂದಳು.

ಎದುರು ಕಡೆಯವರ ಆತಂಕವೂ ನನಗೆ ಅರ್ಥವಾಗುತ್ತದೆ. ಕೌನ್ಸಿಲರ್ ಇಷ್ಟವಾಗದಿದ್ದರೆ ಓಟು ಹಾಕಿ ಇಳಿಸಬಹುದು. ಬುಡಕಟ್ಟು ನೇಮಿಸಿದವರನ್ನು ಊರಿನ ಎಲ್ಲರೂ ಹಾಗೆ ಇಳಿಸೋಕಾಗಲ್ಲ. ಅದು ನ್ಯಾಯವಾದ ಪ್ರಶ್ನೆ, ಅದಕ್ಕೂ ಉತ್ತರ ಕೊಡಬೇಕು. ಆದರೆ ಈ ಸೀಮೆಯಲ್ಲಿ 1863ರ ಯುದ್ಧದ ನಂತರ ಮಾವೋರಿಗಳ ಸುಮಾರು 12 ಲಕ್ಷ ಎಕರೆ ನೆಲ ಜಪ್ತಿಯಾಯಿತು. ಆಗ ಆ ಜನರನ್ನು ಯಾರೂ ಓಟು ಕೇಳಲಿಲ್ಲ. ಈ ಎರಡೂ ಮಾತನ್ನು ಒಂದೇ ಸಭೆಯಲ್ಲಿ ಆಡಬೇಕು ಅನ್ನೋದು ನನ್ನ ಅಭಿಪ್ರಾಯ.

ಹಾಳೆಯ ಆ ಸಾಲು ತೆಗೆದು, ಎರಡು ಪ್ರತಿಗಳ ಎರಡು ಪದಗಳನ್ನು ಅಕ್ಕಪಕ್ಕ ಬರೆದೆ. ಮುಂದಿನ ಸಭೆಯಲ್ಲಿ ಪೈಪಿಗೆ ಮೊದಲು ಅದನ್ನೇ ಹಂಚಿದೆ. ಜಗಳ ನಿಲ್ಲಲಿಲ್ಲ. ಆದರೆ ಯಾರೂ ಎದ್ದು ಹೋಗಲಿಲ್ಲ. ಪೈಪಿನ ಬಗ್ಗೆ ಒಂಬತ್ತು ಪ್ರಶ್ನೆ ಬಂದವು, ಎಣಿಸಿದ್ದೇನೆ.

ಅಕ್ಟೋಬರ್ 14ಕ್ಕೆ ಮತದಾನವಾಯಿತು, ಸರ್ಕಾರ ಬದಲಾಯಿತು. 2024ರ ಫೆಬ್ರವರಿಯಲ್ಲಿ ತ್ರೀ ವಾಟರ್ಸ್ ಕಾಯ್ದೆ ರದ್ದಾಯಿತು, ನನ್ನ ಹಾಳೆಯ ಅರ್ಧ ಹೊಡೆದುಹಾಕಿದೆ. ಒಪ್ಪಂದದ ತತ್ವಗಳ ಮಸೂದೆ ಬಂತು. ಅದರ ವಿರುದ್ಧ ಸಾವಿರಾರು ಜನ ವೆಲಿಂಗ್ಟನ್‌ಗೆ ಮೆರವಣಿಗೆ ಹೋದರು. 2025ರ ಏಪ್ರಿಲ್ 10ರಂದು ಸಂಸತ್ತು ಅದನ್ನು 112ಕ್ಕೆ 11 ಮತಗಳಿಂದ ಬೀಳಿಸಿತು. ಮತ್ತೆ ತಿದ್ದಿದೆ.

ಒಂದು ಸಾಲಿಗೆ ಮಾತ್ರ ಇನ್ನೂ ಪೆನ್ಸಿಲ್ ಬಿದ್ದಿಲ್ಲ. ವೈಕಾಟೊ ನದಿ ಪ್ರಾಧಿಕಾರ: 2010ರಲ್ಲಿ, ನ್ಯಾಷನಲ್ ಪಕ್ಷದ ಜಾನ್ ಕೀ ಪ್ರಧಾನಿಯಾಗಿದ್ದಾಗ ಆದದ್ದು. ಹತ್ತು ಸದಸ್ಯರು. ಐದು ನದಿಯ ಬುಡಕಟ್ಟುಗಳ ಕಡೆಯಿಂದ, ಐದು ಸರ್ಕಾರದ ಕಡೆಯಿಂದ.